ಒಂದು ಬೋಟು, ಮೂರು ಟ್ರ್ಯಾಕು: ಸೇನಾ ಜಾಲದಲ್ಲಿ ಮಾಹಿತಿ ಹಂಚೋದು ಇಷ್ಟು ಕಷ್ಟ ಯಾಕೆ?

ಬೈತಖೋಲ್_ಬಾವುಟ

ಪಕ್ಕದ ಎಳೆಯಲ್ಲಿ ಒಬ್ಬರು ಬರೆದಿದ್ದರು: "ನೇವಿ, ಕೋಸ್ಟ್ ಗಾರ್ಡ್, ಕರಾವಳಿ ಕಾವಲು ಪೊಲೀಸ್, ಮೀನುಗಾರಿಕೆ ಇಲಾಖೆ, ಎಲ್ಲರ ಡೇಟಾ ಒಂದೇ ಸರ್ವರಿಗೆ ಸುರಿದರೆ ಮುಗೀತಲ್ಲ?" ಆ ಚರ್ಚೆ ಅಲ್ಲಿ ಹಾದಿ ತಪ್ಪಿತು. ಇಲ್ಲಿ ಸರಿಯಾಗಿ ಮಾಡೋಣ.

ಎಲ್ಲರಿಗೂ ಗೊತ್ತಿರುವ ಹಿನ್ನೆಲೆ ಇಷ್ಟು. 2008ರ ನವೆಂಬರ್ 26ರ ಮುಂಬೈ ದಾಳಿಗೆ ಉಗ್ರರು ಬಂದದ್ದು ಪೋರಬಂದರಿನ 'ಕುಬೇರ್' ಎಂಬ ಮೀನುಗಾರಿಕಾ ಬೋಟನ್ನು ವಶಪಡಿಸಿಕೊಂಡು. ಅಂದರೆ ನಮ್ಮದೇ ನೋಂದಣಿಯ ಬೋಟು, ನಮ್ಮದೇ ನೀರು. 2009ರ ಫೆಬ್ರವರಿಯಲ್ಲಿ ಕರಾವಳಿ ಭದ್ರತೆಯ ಒಟ್ಟು ಹೊಣೆ ನೌಕಾಪಡೆಗೆ ಬಂತು. ಮೊದಲ ಹಂತದಲ್ಲಿ ಕರಾವಳಿ ಮತ್ತು ದ್ವೀಪಗಳಲ್ಲಿ 46 ರೇಡಾರ್ ಕೇಂದ್ರ. 2014ರ ನವೆಂಬರಿನಲ್ಲಿ ಈ ಮಾಹಿತಿಯನ್ನೆಲ್ಲ ಒಟ್ಟುಗೂಡಿಸುವ ಗುರುಗ್ರಾಮದ ಕೇಂದ್ರ ಉದ್ಘಾಟನೆಯಾಯಿತು, ಅದಕ್ಕೆ ನೌಕಾಪಡೆಯ 20 ಮತ್ತು ಕೋಸ್ಟ್ ಗಾರ್ಡಿನ 31, ಒಟ್ಟು 51 ಠಾಣೆಗಳ ಜೋಡಣೆ. 2018ರ ಡಿಸೆಂಬರಿನಲ್ಲಿ ಅಲ್ಲೇ ಮಿತ್ರದೇಶಗಳ ಜೊತೆ ವ್ಯಾಪಾರಿ ಹಡಗುಗಳ ಮಾಹಿತಿ ಹಂಚುವ ಇನ್ನೊಂದು ಕೇಂದ್ರ ಬಂತು.

ತಂತಿ ಎಳೆದಾಯಿತು, ಪರದೆ ಇಟ್ಟಾಯಿತು. ಆಮೇಲೆ ಎಲ್ಲಿ ಸಿಕ್ಕಿಬೀಳುತ್ತದೆ?

ಒಂದೇ ನಿಯಮ: ಕಾರವಾರದ ನೌಕಾನೆಲೆ ಇರುವ ಅರ್ಗಾದ ಗೋಡೆಯೊಳಗಿನ ಸುದ್ದಿ ಬೇಡ. ಎಲ್ಲ ಸೇನೆಗಳಿಗೂ ಇರುವ, ಬಹಿರಂಗವಾಗಿ ಗೊತ್ತಿರುವ ತಾಂತ್ರಿಕ ಸಂಗತಿ ಸಾಕು. ನೆಲೆಯ ಆ್ಯಂಟೆನಾ ಫೋಟೊ ಹಾಕಿದವರ ಪೋಸ್ಟ್ ಅಳಿಸುತ್ತೇನೆ.

ಅಲೆಯಳತೆ

ಮೊದಲು ಸಿಕ್ಕಿಬೀಳುವ ಜಾಗ: ಪರದೆ ಮೇಲಿನ ಮೂರು ಚುಕ್ಕಿ (ಅದನ್ನೇ ಟ್ರ್ಯಾಕು ಅನ್ನುವುದು) ಒಂದೇ ಬೋಟೋ, ಮೂರು ಬೋಟೋ? ಲೆಕ್ಕ ಹಾಕಿ ನೋಡಿ.

ದೊಡ್ಡ ಹಡಗಿನ ಎಐಎಸ್ (ತನ್ನ ಗುರುತು, ಸ್ಥಾನವನ್ನು ರೇಡಿಯೊದಲ್ಲಿ ತಾನೇ ಸಾರುವ ಸಾಧನ) ಚಲಿಸುವಾಗ 2ರಿಂದ 10 ಸೆಕೆಂಡಿಗೊಮ್ಮೆ ತನ್ನ ಸ್ಥಾನ ಹೇಳುತ್ತದೆ, ಲಂಗರು ಹಾಕಿದ್ದರೆ 3 ನಿಮಿಷಕ್ಕೊಮ್ಮೆ. ಸಣ್ಣ ಬೋಟಿನ 'ಬಿ' ದರ್ಜೆಯದು ಸುಮಾರು 30 ಸೆಕೆಂಡಿಗೊಮ್ಮೆ. ಉಪಗ್ರಹದ ಮೂಲಕ ವರದಿ ಕೊಡುವ ಸಾಧನ ಅರ್ಧ ಗಂಟೆಗೊಮ್ಮೆ ಎಂದಿಟ್ಟುಕೊಳ್ಳಿ. 8 ನಾಟ್ (ಗಂಟೆಗೆ 8 ನಾಟಿಕಲ್ ಮೈಲು) ವೇಗದ ಪರ್ಸೀನ್ ಬೋಟು, ಅಂದರೆ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿಯುವ ಬೋಟು, ಅರ್ಧ ಗಂಟೆಯಲ್ಲಿ 4 ನಾಟಿಕಲ್ ಮೈಲು ಎತ್ತ ಬೇಕಾದರೂ ಹೋಗಿರಬಹುದು. 4 ಮೈಲು ತ್ರಿಜ್ಯದ ವೃತ್ತ ಅಂದರೆ ಸುಮಾರು 50 ಚದರ ಮೈಲು. ಆಗಸ್ಟ್ 1ಕ್ಕೆ ನಿಷೇಧ ಮುಗಿದು ಬೋಟುಗಳೆಲ್ಲ ಒಮ್ಮೆಗೇ ಇಳಿದಾಗ ಚದರ ಮೈಲಿಗೆ ಒಂದೇ ಬೋಟು ಎಂದುಕೊಂಡರೂ ಆ ವೃತ್ತದೊಳಗೆ 50 ಬೋಟು. ಈಗ ಉಪಗ್ರಹದ ವರದಿಯನ್ನು ರೇಡಾರಿನ ಯಾವ ಚುಕ್ಕಿಗೆ ಅಂಟಿಸುತ್ತೀರಿ?

ದಿಕ್ಕು, ವೇಗ ಗೊತ್ತಿದ್ದರೆ ವೃತ್ತ ಕುಗ್ಗುತ್ತದೆ. ದಿಕ್ಕಿನಲ್ಲಿ 20 ಡಿಗ್ರಿ ಆಚೀಚೆ, ವೇಗದಲ್ಲಿ 1 ನಾಟ್ ಆಚೀಚೆ ಎಂದರೆ 50 ಚದರ ಮೈಲು ಹೋಗಿ 3ಕ್ಕೂ ಕಡಿಮೆ ಆಗುತ್ತದೆ. ವ್ಯಾಪಾರಿ ಹಡಗಿಗೆ ಇದು ಚೆನ್ನಾಗಿ ನಡೆಯುತ್ತದೆ, ಅದು ಗೆರೆ ಎಳೆದಂತೆ ಹೋಗುತ್ತದೆ. ಪರ್ಸೀನ್ ಬೋಟು ಬಂಗುಡೆ ಹಿಂಡು ಕಂಡ ಕೂಡಲೇ ಸುತ್ತು ಹಾಕುತ್ತದೆ, ಟ್ರಾಲ್ ಬೋಟು ಬಲೆ ಎಳೆಯುವಾಗ 3 ನಾಟಿಗೆ ಇಳಿಯುತ್ತದೆ. ಅಂದಾಜು ಸೂತ್ರ ಕೈಕೊಡುವುದು ನಮಗೆ ಅದು ಬೇಕಾದ ಬೋಟಿನ ಮೇಲೇ.

ತಪ್ಪಿನ ಇನ್ನೊಂದು ಮೂಲ ರೇಡಾರಿನ ಜೋಡಣೆ. ಉತ್ತರ ದಿಕ್ಕು ಬರೇ 1 ಡಿಗ್ರಿ ತಪ್ಪಿದ್ದರೆ 10 ಮೈಲು ದೂರದ ಪ್ರತಿ ಟ್ರ್ಯಾಕೂ ಸುಮಾರು 320 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಎರಡು ರೇಡಾರಿನ ನೋಟ ಕೂಡುವ ಕಡೆ ಎಲ್ಲವೂ ಜೋಡಿ ಜೋಡಿಯಾಗಿ ಕಾಣುತ್ತದೆ. ಇದಕ್ಕೆ ಮದ್ದು ಸುಲಭ, ಆದರೆ ಬಿಡದೆ ಮಾಡಬೇಕು: ಎಐಎಸ್ ಇರುವ ಹಡಗುಗಳನ್ನು ಆರಿಸಿಕೊಂಡು, ಅವು ಹೇಳುವ ಸ್ಥಾನಕ್ಕೂ ರೇಡಾರ್ ತೋರಿಸುವ ಕೋನಕ್ಕೂ ಇರುವ ವ್ಯತ್ಯಾಸದ ಸರಾಸರಿ ತೆಗೆದು ಆ ರೇಡಾರಿಗೆ ತಿದ್ದುಪಡಿಯಾಗಿ ಕೊಡುವುದು. ಆ್ಯಂಟೆನಾ ಬಿಚ್ಚಿ ಕೂರಿಸಿದಾಗಲೆಲ್ಲ ಮತ್ತೆ ಮೊದಲಿನಿಂದ.

ಹೊನ್ನಾವರದ_ಹುಟ್ಟು

ಅಲೆಯಳತೆಯವರೇ, ಎಐಎಸ್ಸನ್ನೇ ಸತ್ಯ ಅಂತ ಹಿಡಿದರೆ ಕೆಟ್ಟಿರಿ ಮಾರಾಯ್ರೆ. ಆ ಪೆಟ್ಟಿಗೆಗೆ ಯಾರು ಏನು ಟೈಪು ಮಾಡಿದರೋ ಅದನ್ನೇ ಹೇಳುತ್ತದೆ.

ಪ್ರತಿ ಸಾಧನಕ್ಕೂ 9 ಅಂಕಿಯ ಗುರುತು ಸಂಖ್ಯೆ, ಭಾರತದ್ದು 419ರಿಂದ ಶುರು. ಅಂಗಡಿಯಿಂದ ತಂದು ಅಂಕಿ ಹಾಕದೆ ಹಾಗೇ ಚಾಲೂ ಮಾಡಿದವರಿದ್ದಾರೆ, ಹಳೆ ಬೋಟಿನದನ್ನು ಬಿಚ್ಚಿ ಹೊಸದಕ್ಕೆ ಕೂರಿಸಿ ಅಂಕಿ ಬದಲಿಸದವರಿದ್ದಾರೆ. ಬಲೆಗೆ ಕಟ್ಟುವ ಅಗ್ಗದ ಎಐಎಸ್ ತೇಲುಗಳು ಬೇರೆ: ಒಂದೊಂದು ಬಲೆಗೆ ನಾಲ್ಕಾರು, ಬಾಯಿಗೆ ಬಂದ ಸಂಖ್ಯೆ, ಪರದೆ ಮೇಲೆ ಹಡಗಿನ ಹಾಗೇ ಕಾಣುತ್ತವೆ. ಒಳ್ಳೆ ಮೀನು ಬೀಳುವ ಜಾಗ ಪಕ್ಕದ ಬೋಟಿನವನಿಗೆ ಗೊತ್ತಾಗಬಾರದು ಅಂತ ಬೋಟು ನಡೆಸುವ ತಾಂಡೇಲ ಸ್ವಿಚ್ ಆರಿಸುವುದೂ ಉಂಟು. ಅವನು ಕಳ್ಳನಲ್ಲ. ಆದರೆ ಜಾಲದ ಕಣ್ಣಿಗೆ ಅವನೂ ಕಳ್ಳನೂ ಒಂದೇ ಥರ.

ಹೆಸರಿನ ಮೇಲೆ ಹುಡುಕುತ್ತೇನೆ ಅಂದರೆ ಅದೂ ಇಲ್ಲ. ಎಐಎಸ್‌ನಲ್ಲಿ ಹೆಸರಿಗೆ 20 ಅಕ್ಷರದ ಜಾಗ, ಇಂಗ್ಲಿಷಿನ ದೊಡ್ಡಕ್ಷರ ಮಾತ್ರ. 'ಶ್ರೀ ದುರ್ಗಾಪರಮೇಶ್ವರಿ' ಇಂಗ್ಲಿಷಿನಲ್ಲಿ (SHREE DURGAPARAMESHWARI) ನಡುವಿನ ಜಾಗ ಸೇರಿ 23 ಆಗುತ್ತದೆ. ಕೊನೆಯ ಮೂರು ಹಾರಿಹೋಯಿತು. ಇನ್ನೊಬ್ಬ 'ಶ್ರೀ'ಯನ್ನು ಬೇರೆ ಕಾಗುಣಿತದಲ್ಲಿ ಬರೆದ, ಮತ್ತೊಬ್ಬ ಶ್ರೀ ಬಿಟ್ಟೇ ಬಿಟ್ಟ. ಭಟ್ಕಳದಿಂದ ಮಾಜಾಳಿವರೆಗೆ ದೇವರ ಹೆಸರಿನ ಬೋಟು ಎಷ್ಟು ಅಂತ ನಾನು ಹೇಳಬೇಕಿಲ್ಲ.

ಬೈತಖೋಲ್_ಬಾವುಟ

ಹಾಗಾದರೆ ಗುರುತಿಗೆ ಯಾವುದನ್ನು ಹಿಡಿಯುವುದು?

ಹೊನ್ನಾವರದ_ಹುಟ್ಟು

ಮೀನುಗಾರಿಕೆ ಇಲಾಖೆಯ ನೋಂದಣಿ ಸಂಖ್ಯೆ. ಬೋಟಿನ ಮೈಮೇಲೆ ಬರೆದಿರುತ್ತದೆ, ಕಣ್ಣಿಗೆ ಕಾಣುತ್ತದೆ. ಎಐಎಸ್ ಅಂಕಿ, ಸ್ಯಾಟಲೈಟ್ ಸಾಧನದ ಸಂಖ್ಯೆ, ಮಾಲೀಕರ ಫೋನು ಎಲ್ಲ ಅದಕ್ಕೆ ನೇತುಹಾಕಿ, ಪ್ರತಿಯೊಂದಕ್ಕೂ 'ಎಂದಿನಿಂದ ಎಂದಿನವರೆಗೆ' ದಿನಾಂಕ ಇಡಿ. ಸಾಧನ ಬೋಟಿನಿಂದ ಬೋಟಿಗೆ ಹೋಗುತ್ತದೆ, ಮಾಲೀಕ ಬದಲಾಗುತ್ತಾನೆ. ತಾರೀಕಿಲ್ಲದ ಜೋಡಣೆ ಎರಡು ವರ್ಷದಲ್ಲಿ ಕಸ.

ಶಿರಸಿ_ಪ್ಯಾಕೆಟ್

ಘಟ್ಟದ ಮೇಲಿಂದ ನೋಡಿದರೆ ನಿಮ್ಮದೆಲ್ಲ ಎರಡನೇ ಸಮಸ್ಯೆ. ಮೊದಲು ಪ್ಯಾಕೆಟ್ ತಲುಪಬೇಕಲ್ಲ!

ಭೂಸ್ಥಿರ ಉಪಗ್ರಹ 35,786 ಕಿಲೋಮೀಟರ್ ಮೇಲಿದೆ. ಕೇಳಿ ಉತ್ತರ ಪಡೆಯಲು ಆ ದೂರವನ್ನು ನಾಲ್ಕು ಸಲ ದಾಟಬೇಕು, ಬೆಳಕಿನ ವೇಗದಲ್ಲೇ 0.48 ಸೆಕೆಂಡ್. ಮೋಡೆಮ್, ಗೂಢಲಿಪಿ ಯಂತ್ರ ಎಲ್ಲ ಸೇರಿ 0.6 ಎನ್ನಿ. ಹಳೆ ಸಾಫ್ಟ್‌ವೇರಿನ ಟಿಸಿಪಿ (ಕಳಿಸಿದ್ದು ತಲುಪಿತೇ ಎಂದು ಖಚಿತಪಡಿಸಿಕೊಳ್ಳುವ ಜಾಲದ ನಿಯಮ) ಒಮ್ಮೆಗೆ 64 ಕಿಲೋಬೈಟ್ ಕಳಿಸಿ ಉತ್ತರಕ್ಕೆ ಕಾಯುತ್ತದೆ. 0.6 ಸೆಕೆಂಡಿಗೆ 64 ಕಿಲೋಬೈಟ್ ಅಂದರೆ ಸೆಕೆಂಡಿಗೆ ಸುಮಾರು 870 ಕಿಲೋಬಿಟ್. ನೀವು 4 ಮೆಗಾಬಿಟ್ ಲಿಂಕ್ ತಂದರೂ ಆ ಒಂದು ಸಂಪರ್ಕಕ್ಕೆ ಸಿಗುವುದು ಅಷ್ಟೇ. "ಬ್ಯಾಂಡ್‌ವಿಡ್ತ್ ಜಾಸ್ತಿ ಮಾಡಿ" ಅಂತ ಕಡತ ಓಡುತ್ತದೆ, ಜಾಸ್ತಿ ಆಗುತ್ತದೆ, ಎಂತದೂ ಬದಲಾಗುವುದಿಲ್ಲ.

ಇದಕ್ಕೆ ವೇಗವರ್ಧಕ ಪೆಟ್ಟಿಗೆ ಇದೆ, ಟಿಸಿಪಿಗೆ ಇಲ್ಲಿಂದಲೇ ಸುಳ್ಳು ಉತ್ತರ ಕೊಟ್ಟು ಓಡಿಸುತ್ತದೆ. ನಾಗರಿಕ ಜಾಲದಲ್ಲಿ ಅದನ್ನು ಮೋಡೆಮ್ ಪಕ್ಕ ಇಡುತ್ತಾರೆ. ಸೇನಾ ಜಾಲದಲ್ಲಿ ಮೋಡೆಮಿಗೆ ಬರುವಷ್ಟರಲ್ಲಿ ಎಲ್ಲವೂ ಗೂಢಲಿಪಿಯಾಗಿರುತ್ತದೆ, ಪೆಟ್ಟಿಗೆಗೆ ಟಿಸಿಪಿ ಕಾಣುವುದೇ ಇಲ್ಲ. ಅದನ್ನು ಗೂಢಲಿಪಿ ಯಂತ್ರಕ್ಕಿಂತ ಮೊದಲು, ಒಳಬದಿಗೆ ಇಡಬೇಕು. ಆಗ ಅದಕ್ಕೂ ಭದ್ರತಾ ಪರೀಕ್ಷೆ ಬೇಕು, ಆ ಕಡತ ಬೇರೆ.

ಇನ್ನೊಂದು ಹಳೇ ಕಾಯಿಲೆ: "ಸಂದೇಶ ಹೋಗ್ತದೆ, ಫೋಟೊ ಹೋಗ್ತಿಲ್ಲ". ಗೂಢಲಿಪಿ ಸುರಂಗ ಪ್ರತಿ ಪ್ಯಾಕೆಟ್ಟಿಗೆ 50–70 ಬೈಟ್ ಸೇರಿಸುತ್ತದೆ. 1,500 ಬೈಟಿನ ಪ್ಯಾಕೆಟ್ ಹಿಡಿಸದೆ ಬೀಳುತ್ತದೆ. "ಚಿಕ್ಕದು ಮಾಡಿ ಕಳಿಸು" ಎಂದು ಹಿಂದೆ ಹೇಳುವ ಐಸಿಎಂಪಿ ಸಂದೇಶವನ್ನು ಫೈರ್‌ವಾಲಿನವರು ಅಪಾಯ ಅಂತ ಮುಚ್ಚಿರುತ್ತಾರೆ. ಸಣ್ಣದೆಲ್ಲ ದಾಟುತ್ತದೆ, ದೊಡ್ಡದು ಸದ್ದಿಲ್ಲದೆ ಸಾಯುತ್ತದೆ. ರೂಟರಿನಲ್ಲಿ ಟಿಸಿಪಿ ತುಂಡಿನ ಗಾತ್ರ 1,360ರ ಆಸುಪಾಸಿಗೆ ಕಟ್ಟಿಹಾಕಿದರೆ ಸರಿಹೋಗುತ್ತದೆ.

ಕೂರ್ಮಗಡ

ಮಳೆಗಾಲ ಬಿಟ್ಟಿರಲ್ಲ ಪ್ಯಾಕೆಟ್ ಭಟ್ರೇ.

ಶಿರಸಿ_ಪ್ಯಾಕೆಟ್

ಬಿಡಲಿಲ್ಲೆ, ಬರ್ತಾ ಇದ್ದೆ.

12–14 ಗಿಗಾಹರ್ಟ್ಸ್‌ನ ಕೆಯು ಬ್ಯಾಂಡ್ ಜೋರು ಮಳೆಗೆ ಕುಗ್ಗುತ್ತದೆ. 4–6ರ ಸಿ ಬ್ಯಾಂಡಿಗೆ ಮಳೆ ಅಷ್ಟು ಲೆಕ್ಕಕ್ಕಿಲ್ಲ, ಆದರೆ ತಟ್ಟೆ ದೊಡ್ಡದು ಬೇಕು, ಸಣ್ಣ ಹಡಗಿನಲ್ಲಿ ಜಾಗ ಎಲ್ಲಿ? ಮಳೆ ಬಂದಾಗ ಮೋಡೆಮ್ ಜಾಣತನದಿಂದ ಒಮ್ಮೆಗೆ ಕಡಿಮೆ ಬಿಟ್ ಕಳಿಸುವ ನಿಧಾನದ ವಿಧಾನಕ್ಕೆ ಇಳಿಯುತ್ತದೆ: 8-ಪಿಎಸ್‌ಕೆ ಮುಕ್ಕಾಲು ದರದಿಂದ ಕ್ಯುಪಿಎಸ್‌ಕೆ ಅರ್ಧ ದರಕ್ಕೆ ಇಳಿದರೆ 4 ಮೆಗಾಬಿಟ್ ಹೋಗಿ 1.8 ಆಗುತ್ತದೆ. ಲಿಂಕ್ ಕಡಿಯಲಿಲ್ಲ, ಒಳ್ಳೆಯದೇ. ಆದರೆ ರೂಟರಿಗೆ ಈ ಸುದ್ದಿ ಯಾರೂ ಹೇಳಿಲ್ಲ, ಅದು 4ರ ಲೆಕ್ಕದಲ್ಲೇ ತಳ್ಳುತ್ತದೆ. ತುರ್ತು, ಸಾಮಾನ್ಯ ಅಂತ ರೂಟರಿನಲ್ಲಿ ಮಾಡಿದ ಸಾಲುಗಳೆಲ್ಲ ವ್ಯರ್ಥ, ಮೋಡೆಮಿನ ಬಾಗಿಲಲ್ಲಿ ತುರ್ತು ಸಂದೇಶವೂ ಕ್ಯಾಂಟೀನ್ ಪಟ್ಟಿಯೂ ಒಟ್ಟಿಗೆ ಬಿದ್ದುಹೋಗುತ್ತವೆ. ಮೋಡೆಮ್ ತನ್ನ ಈಗಿನ ವೇಗವನ್ನು ರೂಟರಿಗೆ ಹೇಳುವಂತೆ ಜೋಡಿಸಬೇಕು. ಆಗದಿದ್ದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೂಟರನ್ನು 1.7ಕ್ಕೆ ಕಟ್ಟಿಹಾಕಿ.

ಈಗ ನನ್ನ ಪ್ರಕಾರ ಅತಿ ದೊಡ್ಡ ತಪ್ಪು. ಲಿಂಕ್ 40 ನಿಮಿಷ ಹೋಯಿತು, ಮತ್ತೆ ಬಂತು. ಏನಾಗುತ್ತದೆ? 300 ಟ್ರ್ಯಾಕ್, 10 ಸೆಕೆಂಡಿಗೊಂದು ವರದಿ, 40 ನಿಮಿಷಕ್ಕೆ 72,000 ಸಂದೇಶ. ತಲಾ 100 ಬೈಟ್ ಎಂದರೆ 7.2 ಮೆಗಾಬೈಟ್. 64 ಕಿಲೋಬಿಟ್ ಲಿಂಕಿನಲ್ಲಿ ಹೊಸ ವರದಿಗಳೇ 24 ಕಿಲೋಬಿಟ್ ತಿನ್ನುತ್ತವೆ, ಉಳಿದ 40ರಲ್ಲಿ ಹಳೆ ರಾಶಿ ಖಾಲಿಯಾಗಲು 24 ನಿಮಿಷ. 'ಮೊದಲು ಬಂದದ್ದು ಮೊದಲು' ಎಂಬ ಸಾಲು ಇಟ್ಟಿದ್ದರೆ ಲಿಂಕ್ ಬಂದ ಮೇಲೂ ಪರದೆ ಹಳೆ ಸಿನೆಮಾ ಓಡಿಸುತ್ತಿರುತ್ತದೆ. ನೋಡುವವನಿಗೆ ಚುಕ್ಕಿಗಳು ಚಲಿಸುತ್ತಿವೆ, ಎಲ್ಲ ಸರಿ ಇದೆ ಅನ್ನಿಸುತ್ತದೆ. ಲಿಂಕ್ ಇಲ್ಲ ಎಂದು ಗೊತ್ತಿರುವುದಕ್ಕಿಂತ ಇದು ಅಪಾಯ.

ಪ್ರತಿ ಟ್ರ್ಯಾಕಿನ ಕೊನೆಯ ವರದಿ ಮಾತ್ರ ಇಟ್ಟುಕೊಂಡು ಉಳಿದದ್ದು ಬಿಸಾಡಿ. 300 ಗುಣಿಸು 100 ಬೈಟ್, 30 ಕಿಲೋಬೈಟ್. ಇಡೀ ಲಿಂಕ್ ಅದಕ್ಕೇ ಬಿಟ್ಟರೆ ನಾಲ್ಕು ಸೆಕೆಂಡಿಗೂ ಮೊದಲೇ ಮುಗಿಯಿತು. ಇತಿಹಾಸ ಬೇಕಾದರೆ ರಾತ್ರಿ ಕಳಿಸಿ, ಅಡ್ಡಿಲ್ಲೆ.

ಅಲೆಯಳತೆ

ಇದಕ್ಕೆ ಒಂದು ವಿನಾಯಿತಿ ಸೇರಿಸಿ. ಸ್ಥಾನದ ವರದಿಯಲ್ಲಿ ಹೊಸದು ಬಂದರೆ ಹಳೆಯದು ಸತ್ತಿತು. ಆದರೆ "ಈ ಟ್ರ್ಯಾಕ್ ನಮ್ಮವರದು", "ಗುಂಡು ಹಾರಿಸಬೇಡಿ" ಥರದ ಆದೇಶ, ಗುರುತಿನ ಸಂದೇಶಗಳು ಒಂದೂ ಬಿಡದೆ ಕ್ರಮವಾಗಿ ತಲುಪಬೇಕು. ಎರಡನ್ನೂ ಒಂದೇ ಸಾಲಿನಲ್ಲಿ ಇಡುವ ವಿನ್ಯಾಸವೇ ತಪ್ಪು.

ಕೂರ್ಮಗಡ

ಸ್ಥಾನ ಮತ್ತು ಸಮಯದ ಬರವಣಿಗೆ ಬಗ್ಗೆ ಯಾರೂ ಹೇಳಿಲ್ಲ. ಇದು ತೀರಾ ಸಣ್ಣದು ಅನ್ನಿಸುತ್ತದೆ, ಆದರೆ ಜಾಲಗಳ ಗಡಿಯಲ್ಲಿ ದಿನಾ ಒಡೆಯುವುದು ಇದೇ.

ವಿಎಚ್‌ಎಫ್‌ ರೇಡಿಯೊದಲ್ಲಿ ಬೋಟಿನಿಂದ ಬಂದ ಸ್ಥಾನ: "ಹದಿನಾಲ್ಕು, ನಲವತ್ತೆಂಟು, ಐದು". ಅವರು ಹೇಳಿದ್ದು 14 ಡಿಗ್ರಿ 48.5 ಮಿನಿಟು, ಕಾರವಾರದ ಎದುರು. ಬರೆದುಕೊಂಡವರು 14.485 ಡಿಗ್ರಿ ಎಂದು ಫಾರಂ ತುಂಬಿದರೆ ಬೋಟು ಗೋಕರ್ಣ ದಾಟಿ ಕುಮಟಾದ ಕಡೆಗೆ ಹೋಯಿತು, 19 ಮೈಲಿಗೂ ಹೆಚ್ಚು ತಪ್ಪು. ಇದಾದರೂ ಪರವಾಗಿಲ್ಲ, ಎದ್ದು ಕಾಣುತ್ತದೆ. 14 ಡಿಗ್ರಿ 48.50 ಮಿನಿಟನ್ನು 14 ಡಿಗ್ರಿ 48 ಮಿನಿಟು 50 ಸೆಕೆಂಡ್ ಎಂದು ತೆಗೆದುಕೊಂಡರೆ ಬರುವ ತಪ್ಪು ಸುಮಾರು 600 ಮೀಟರ್. ಇದು ಕಾಣುವುದಿಲ್ಲ. ಅಲೆಯಳತೆಯವರು ಹೇಳಿದ ಜೋಡಿ ಚುಕ್ಕಿಗೆ ಇದೂ ಒಂದು ಕಾರಣ.

ಸಮಯ: ಸೇನೆಯ ಸಂದೇಶದಲ್ಲಿ 'ಜುಲು' ಸಮಯ, ಅಂದರೆ ಗ್ರೀನಿಚ್. ಠಾಣೆಯ ಡೈರಿಯಲ್ಲಿ ನಮ್ಮ ಸಮಯ. ಐದೂವರೆ ಗಂಟೆ ಅಂತರ. 8 ನಾಟಿನಲ್ಲಿ ದಕ್ಷಿಣಕ್ಕೆ ಹೊರಟ ಬೋಟಿನ ಹೊತ್ತು ತಪ್ಪಿದರೆ 44 ಮೈಲು, ಕಾರವಾರದ ಎದುರಿನ ಬೋಟು ಮುರ್ಡೇಶ್ವರದ ಎದುರು ಹೋಗಿ ನಿಲ್ಲುತ್ತದೆ. ಜಿಪಿಎಸ್ ಗಡಿಯಾರ ಬೇರೆ ಅಂತರರಾಷ್ಟ್ರೀಯ ಸಮಯಕ್ಕಿಂತ 18 ಸೆಕೆಂಡ್ ಮುಂದಿದೆ, ತಿದ್ದದೆ ಹಾಗೇ ಬಳಸಿದರೆ 20 ನಾಟಿನ ಹಡಗು 185 ಮೀಟರ್ ಸರಿಯುತ್ತದೆ, ಸೆಕೆಂಡಿಗೆ 250 ಮೀಟರ್ ಹಾರುವ ವಿಮಾನ ನಾಲ್ಕೂವರೆ ಕಿಲೋಮೀಟರ್.

ನಕ್ಷೆಯ ಆಧಾರವೂ (ಭೂಮಿಯ ಆಕಾರದ ಲೆಕ್ಕ) ಹಾಗೇ. ಹಳೆ ಭಾರತೀಯ ನಕ್ಷೆಗಳು ಎವರೆಸ್ಟ್ ಆಧಾರದವು, ಜಿಪಿಎಸ್ ಡಬ್ಲ್ಯುಜಿಎಸ್-84. ನೆಲದ ಸೇನೆ ಒಂದು, ಹಡಗು ಒಂದು ಬಳಸಿದರೆ ಒಂದೇ ಗುಡ್ಡ ಎರಡು ಕಡೆ.

ಪರಿಹಾರ: ಮನುಷ್ಯ ಹೇಗೆ ಬೇಕಾದರೂ ಹೇಳಲಿ, ಫಾರಂನಲ್ಲಿ ಡಿಗ್ರಿಗೆ ಒಂದು ಪೆಟ್ಟಿಗೆ, ಮಿನಿಟಿಗೆ ಒಂದು, ದಶಾಂಶಕ್ಕೆ ಒಂದು. ಒಂದೇ ಉದ್ದ ಪೆಟ್ಟಿಗೆ ಕೊಡಬೇಡಿ. ತುಂಬಿದ ಕೂಡಲೇ ನಕ್ಷೆಯಲ್ಲಿ ಚುಕ್ಕಿ ತೋರಿಸಿ "ಇಲ್ಲೇನಾ?" ಎಂದು ಕೇಳಲಿ.

ಗೇರುಸೊಪ್ಪೆ_ಗೇಟು

ಇಷ್ಟೆಲ್ಲ ಸಮಸ್ಯೆಗೆ ಉತ್ತರ ಒಂದೇ ಕೇಂದ್ರ, ಒಂದೇ ಡೇಟಾಬೇಸ್, ಒಂದೇ ನಮೂನೆ ಅಂತ ನಾನು ಈಗಲೂ ಹೇಳುತ್ತೇನೆ. ಹಲವರು ಸೇರಿದಲ್ಲಿ ಹಾವು ಸಾಯದು. ಎಲ್ಲರೂ ತಮ್ಮ ತಮ್ಮ ನಮೂನೆ ಇಟ್ಟುಕೊಂಡು ಸೇತುವೆ ಕಟ್ಟುತ್ತಾ ಹೋದರೆ ಹತ್ತು ವ್ಯವಸ್ಥೆಗೆ 45 ಸೇತುವೆ. ನಡುವೆ ಒಂದು ಸಾಮಾನ್ಯ ನಮೂನೆ ಇಟ್ಟರೆ ಹತ್ತೇ ಸಾಕು.

ಅಲೆಯಳತೆ

ನಮೂನೆ ಒಂದೇ ಇರಲಿ, ಒಪ್ಪುತ್ತೇನೆ. ಡೇಟಾಬೇಸ್ ಒಂದೇ ಬೇಡ. ಕೇಂದ್ರದ ಲಿಂಕ್ ಹೋದ ಗಳಿಗೆಯಲ್ಲಿ ಹಡಗು ಕುರುಡಾಗಬಾರದು. ಪ್ರತಿ ಜಾಗದಲ್ಲೂ ತನ್ನದೇ ಪ್ರತಿ ಇರಬೇಕು. ಪ್ರತಿಗಳಿದ್ದರೆ ಅವು ಬೇರೆಯಾಗುವುದು ಖಂಡಿತ, ಮತ್ತೆ ಕೂಡಿಸುವ ನಿಯಮ ಮೊದಲೇ ಇರಬೇಕು.

ಆ ನಿಯಮ ಸಡಿಲವಾದರೆ ಏನಾಗುತ್ತದೆ ಎನ್ನುವುದಕ್ಕೆ 1988ರ ಜುಲೈ 3. ಪರ್ಶಿಯನ್ ಕೊಲ್ಲಿಯಲ್ಲಿ ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 290 ಜನ ಸತ್ತರು. ಕಾರಣ ಹಲವು, ಅದರಲ್ಲೊಂದು ಟ್ರ್ಯಾಕ್ ಸಂಖ್ಯೆ. ವಿನ್ಸೆನ್ಸ್ ಆ ವಿಮಾನಕ್ಕೆ 4474 ಎಂದು ಸಂಖ್ಯೆ ಕೊಟ್ಟಿತ್ತು. ಅದನ್ನೇ ನೋಡುತ್ತಿದ್ದ ಇನ್ನೊಂದು ನೌಕೆ ಸೈಡ್ಸ್ ಕೊಟ್ಟದ್ದು 4131. ಎರಡೂ ಒಂದೇ ಎಂದು ವ್ಯವಸ್ಥೆ ಗುರುತಿಸಿ 4131 ಉಳಿಸಿಕೊಂಡಿತು. ಇಲ್ಲಿವರೆಗೆ ಯಂತ್ರದ ಕೆಲಸ ಸರಿ. ಖಾಲಿಯಾದ 4474 ದೂರದಲ್ಲಿ ಹಾರುತ್ತಿದ್ದ ಬೇರೆ ವಿಮಾನಕ್ಕೆ ಹೋಯಿತು, ಅದು ಕೆಳಗಿಳಿಯುತ್ತಿತ್ತು. ಕ್ಯಾಪ್ಟನ್ ತಲೆಯಲ್ಲಿ ಇನ್ನೂ ಹಳೆ ಸಂಖ್ಯೆ. "4474 ಏನು ಮಾಡುತ್ತಿದೆ?" ಎಂದಾಗ ಬಂದ ಉತ್ತರ: ಇಳಿಯುತ್ತಿದೆ. ಪ್ರಯಾಣಿಕ ವಿಮಾನ ನಿಜಕ್ಕೂ ಮೇಲೇರುತ್ತಿತ್ತು.

ಸಂಖ್ಯೆ ವಿಲೀನವಾದಾಗ ಹಳೆಯದನ್ನು ಕನಿಷ್ಠ ಆ ಕಾರ್ಯಾಚರಣೆ ಮುಗಿಯುವವರೆಗೆ ಬೇರೆಯವರಿಗೆ ಕೊಡಬೇಡಿ. ಯಾರಾದರೂ ಹಳೆ ಸಂಖ್ಯೆ ಕೇಳಿದರೆ "ಅದು ಈಗ 4131" ಎಂದೇ ಉತ್ತರ ಬರಬೇಕು.

ಗೇರುಸೊಪ್ಪೆ_ಗೇಟು

ಇದು ನನ್ನ ವಾದಕ್ಕೇ ಬಲ ಅಲ್ಲವಾ? ಸಂಖ್ಯೆ ಕೊಡುವವನು ಒಬ್ಬನೇ ಇದ್ದರೆ ಈ ಗೋಜಲೇ ಇಲ್ಲ.

ಅಲೆಯಳತೆ

ಕೊಡುವವನು ಒಬ್ಬನೇ ಇದ್ದರೆ ಅವನಿಗೆ ಲಿಂಕ್ ಹೋದಾಗ ಹೊಸ ಟ್ರ್ಯಾಕಿಗೆ ಹೆಸರೇ ಇಲ್ಲ. ನೇಟೋದ ಸೇನಾ ರೇಡಿಯೊ ಜಾಲ ಲಿಂಕ್-16ರಲ್ಲಿ ಮಾಡಿದ್ದು ನಡುದಾರಿ: ಪ್ರತಿ ಹಡಗು, ವಿಮಾನಕ್ಕೂ ಸಂಖ್ಯೆಗಳ ಒಂದು ಕಂತೆ ಮೊದಲೇ ಹಂಚಿಕೆ. ಒಂದೇ ಗುರಿಯನ್ನು ಇಬ್ಬರು ನೋಡಿದರೆ ಯಾರ ಟ್ರ್ಯಾಕಿನ ಗುಣಮಟ್ಟ ಜಾಸ್ತಿಯೋ ಅವರು ಮಾತ್ರ ವರದಿ ಮಾಡಬೇಕು. ಗುಣಮಟ್ಟಕ್ಕೆ 0ರಿಂದ 15ರವರೆಗೆ ಅಂಕ. ಉಳಿದವರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ಇದರಿಂದ ಜಾಗವೂ ಉಳಿಯುತ್ತದೆ: ಆ ಲಿಂಕಿನಲ್ಲಿ ಒಬ್ಬರಿಗೆ ಮಾತಾಡಲು ಸಿಗುವ ಕಾಲಖಂಡ 7.8125 ಮಿಲಿಸೆಕೆಂಡ್, ಸೆಕೆಂಡಿಗೆ 128 ಮಾತ್ರ, ಎಲ್ಲರೂ ಸೇರಿ ಹಂಚಿಕೊಳ್ಳಬೇಕು.

ನೆಲದ ಮೇಲಿನ ಜಾಲಗಳಲ್ಲಿ ಇಂಥ ಶಿಸ್ತು ಕಡಿಮೆ. ಉದಾಹರಣೆಗೆ, ಮೀನುಗಾರರೊಬ್ಬರು ಠಾಣೆಗೆ ಫೋನು ಮಾಡಿ ಅನುಮಾನದ ಬೋಟಿನ ಸುದ್ದಿ ಕೊಟ್ಟರು. ಠಾಣೆ ಎರಡು ಕಡೆ ತಿಳಿಸಿತು, ಅವರು ಮೂರನೆಯವರಿಗೆ ತಿಳಿಸಿದರು, ಮೂರನೆಯವರ ಪಟ್ಟಿ ಸಂಜೆ ಮತ್ತೆ ಠಾಣೆಗೇ ಬಂತು. ಠಾಣೆಯವರು "ಓಹೋ, ಮೇಲಿನವರೂ ಖಚಿತಪಡಿಸಿದ್ದಾರೆ" ಅಂದುಕೊಂಡರು. ಒಂದೇ ಫೋನ್ ಕರೆ ಮೂರು ಸಾಕ್ಷಿಯಾಯಿತು. ಮೂಲದ ಗುರುತು ಮತ್ತು ಮೂಲ ಸಂದೇಶದ ಸಂಖ್ಯೆ ಎಷ್ಟು ಕೈ ದಾಟಿದರೂ ಬದಲಾಗದೆ ಜೊತೆಗೇ ಹೋದರೆ ಮಾತ್ರ ಇದು ಸಿಕ್ಕಿಬೀಳುತ್ತದೆ. ನಡುವೆ ಒಬ್ಬರು ಸುದ್ದಿಯನ್ನು ತಮ್ಮ ಮಾತಿನಲ್ಲಿ ಹೊಸದಾಗಿ ಟೈಪು ಮಾಡಿದರೆ ಸರಪಳಿ ಕಡಿಯಿತು.

ಮುಚ್ಚಿದ_ಲಕೋಟೆ

ತಡವಾಗಿ ಬಂದೆ. ಗೌಪ್ಯತೆಯ ಬಗ್ಗೆ ಯಾರೂ ಬರೆದಿಲ್ಲ, ಅರ್ಧ ತಲೆನೋವು ಅಲ್ಲೇ ಇರುವುದು.

ಬೇರೆ ಬೇರೆ ದರ್ಜೆಯ ಜಾಲಗಳ ನಡುವೆ ತಂತಿ ಇರುವುದಿಲ್ಲ. ಇರಬಾರದು ಕೂಡ. ಆದರೆ ಕೆಲಸ ನಡೆಯಬೇಕಲ್ಲ, ಜನ ಪೆನ್‌ಡ್ರೈವ್ ಹಿಡಿಯುತ್ತಾರೆ. 2008ರಲ್ಲಿ ಅಮೆರಿಕದ ಸೇನೆಯ ರಹಸ್ಯ ಜಾಲದೊಳಗೆ ಕಂಪ್ಯೂಟರ್ ಹುಳ (ವರ್ಮ್) ಹೊಕ್ಕಿದ್ದು ಪೆನ್‌ಡ್ರೈವಿನಿಂದಲೇ, ಆಮೇಲೆ ಪೆನ್‌ಡ್ರೈವನ್ನೇ ನಿಷೇಧಿಸಿದರು. ಇನ್ನೊಂದು ಕಡೆ, 2001ರ ಸೆಪ್ಟೆಂಬರ್ 11ರ ನಂತರ "ಹಂಚಲೇಬೇಕು" ಎಂಬ ಒತ್ತಡದಲ್ಲಿ ಬಾಗಿಲು ಅಗಲ ಮಾಡಿದರು. 2010ರಲ್ಲಿ ಒಬ್ಬ ಕೆಳದರ್ಜೆಯ ವಿಶ್ಲೇಷಕರ ಕೈಯಿಂದ ಎರಡೂವರೆ ಲಕ್ಷ ರಾಜತಾಂತ್ರಿಕ ಸಂದೇಶಗಳು ಹೊರಗೆ ಹೋದವು. ಓದುವ ಹಕ್ಕು ಕೊಟ್ಟದ್ದಕ್ಕಿಂತ, ಅಷ್ಟೂ ಒಮ್ಮೆಗೇ ಇಳಿಸಿಕೊಂಡಾಗ ಯಾವ ಗಂಟೆಯೂ ಬಾರಿಸಲಿಲ್ಲವಲ್ಲ, ದೊಡ್ಡ ದೋಷ ಅದೇ. ದಿನಕ್ಕೆ 40 ಕಡತ ನೋಡುವ ಖಾತೆ ಒಂದು ಮಧ್ಯಾಹ್ನ 4,000 ಎಳೆದರೆ ತನ್ನಷ್ಟಕ್ಕೆ ತಡೆಯುವ ಮಿತಿ ಬೇಕು.

ಕೆಳಗಿನ ಜಾಲದಿಂದ ಮೇಲಿನದಕ್ಕೆ ಕಳಿಸಲು ಡೇಟಾ ಡಯೋಡ್ ಬಳಸುತ್ತಾರೆ: ಫೈಬರಿನ ಒಂದು ತುದಿಯಲ್ಲಿ ದೀಪ ಮಾತ್ರ, ಇನ್ನೊಂದರಲ್ಲಿ ಕಣ್ಣು ಮಾತ್ರ. ಹಿಂದೆ ಬರುವ ದಾರಿ ಭೌತಿಕವಾಗಿಯೇ ಇಲ್ಲ. ಆದ್ದರಿಂದ ಟಿಸಿಪಿ ನಡೆಯುವುದಿಲ್ಲ, ತಲುಪಿತೋ ಇಲ್ಲವೋ ಕಳಿಸಿದವನಿಗೆ ಗೊತ್ತಾಗುವುದಿಲ್ಲ. ಉತ್ತರಕ್ಕೆ ಕಾಯದೆ ಕಳಿಸುವ ಯುಡಿಪಿಯಲ್ಲಿ ಸರಣಿ ಸಂಖ್ಯೆ ಹಾಕಿ, ತಿದ್ದುಪಡಿಗೆ ಹೆಚ್ಚುವರಿ ಬಿಟ್ ಸೇರಿಸಿ, ಮುಖ್ಯವಾದದ್ದನ್ನು ಎರಡು ಮೂರು ಸಲ ಕಳಿಸಬೇಕು. 10 ಸೆಕೆಂಡಿಗೊಮ್ಮೆ 'ಬದುಕಿದ್ದೇನೆ' ಸಂದೇಶ ಕಡ್ಡಾಯ. ಅದಿಲ್ಲದಿದ್ದರೆ ಸಮುದ್ರ ಖಾಲಿ ಇದೆಯೋ ಡಯೋಡ್ ಸತ್ತಿದೆಯೋ ಮೇಲಿನವರಿಗೆ ತಿಳಿಯದು.

ಮೇಲಿನಿಂದ ಕೆಳಗೆ ಕಳಿಸುವುದು ನಿಜವಾಗಿ ಕಷ್ಟ. ಠಾಣೆಗೆ ಬೇಕಾದದ್ದು ನಾಲ್ಕೇ: ಎಲ್ಲಿ, ಯಾವಾಗ, ನೋಡಲು ಹೇಗಿದೆ, ಏನು ಮಾಡಬೇಕು. ಹೇಗೆ ಗೊತ್ತಾಯಿತು ಎಂಬುದು ಬೇಡ. ಆದರೆ ವರದಿ ಬರೆದವರು ಎರಡನ್ನೂ ಒಂದೇ ವಾಕ್ಯದಲ್ಲಿ ಹೆಣೆದಿದ್ದರೆ ಇಡೀ ವರದಿ ಅತಿ ರಹಸ್ಯವಾಗುತ್ತದೆ, ಬಿಡಿಸಲು ಒಬ್ಬ ಅಧಿಕಾರಿ ಕೂರಬೇಕು, ಅವರು ರಜೆಯಲ್ಲಿದ್ದರೆ ಬೋಟು ದಡ ಮುಟ್ಟಿರುತ್ತದೆ. ಬರೆಯುವಾಗಲೇ ಗೆರೆ ಎಳೆಯಬೇಕು: ಗೆರೆಯ ಮೇಲೆ ಮೂಲ, ಕೆಳಗೆ ಹಂಚಬಹುದಾದ ನಾಲ್ಕು ಸಾಲು. ಕೆಳಗಿನದನ್ನು ಯಂತ್ರ ಪರೀಕ್ಷಿಸಿ ದಾಟಿಸಬಹುದು, ಯಾಕೆಂದರೆ ಅದರಲ್ಲಿ ಸ್ಥಾನ, ಸಮಯ, ಪಟ್ಟಿಯಿಂದ ಆರಿಸಿದ ವಿಧ ಬಿಟ್ಟು ಬೇರೇನೂ ಇರಲು ನಮೂನೆ ಬಿಡುವುದಿಲ್ಲ. ಮನಸ್ಸಿಗೆ ಬಂದದ್ದು ಬರೆಯುವ 'ಷರಾ' ಕಾಲಂ ಇಟ್ಟಿರೋ, ಯಂತ್ರದ ಕೈ ಕಟ್ಟಿದಂತೆ.

ಬೈತಖೋಲ್_ಬಾವುಟ

ಒಂದೊಂದಾಗಿ ಗುಟ್ಟಲ್ಲದ್ದು ಒಟ್ಟಾದರೆ ಗುಟ್ಟಾಗುತ್ತದೆ ಎನ್ನುತ್ತಾರಲ್ಲ, ಅದು?

ಮುಚ್ಚಿದ_ಲಕೋಟೆ

ಹೌದು. 2018ರ ಜನವರಿಯಲ್ಲಿ ಸ್ಟ್ರಾವಾ ಎಂಬ ಓಟದ ಆ್ಯಪಿನ ನಕ್ಷೆ ನೋಡಿ ಜನ ಮರುಭೂಮಿಯ ಸೇನಾ ನೆಲೆಗಳ ಆಕಾರ ಕಂಡುಹಿಡಿದರು. ಒಬ್ಬ ಸೈನಿಕನ ಬೆಳಗಿನ ಓಟ ರಹಸ್ಯವೇನಲ್ಲ. ಅದಕ್ಕೇ ಗೇರುಸೊಪ್ಪೆಯವರ ಒಂದೇ ಡೇಟಾಬೇಸಿಗೆ ನನಗೂ ವಿರೋಧ. ಕೆಳದರ್ಜೆಯ ಹತ್ತು ಪಟ್ಟಿ ಕೂಡಿಸಿದ ಮೇಲೆ ಅದರ ದರ್ಜೆ ಏರುತ್ತದೆ, ಆಮೇಲೆ ಪಟ್ಟಿ ಕೊಟ್ಟ ಇಲಾಖೆಯೇ ಅದನ್ನು ನೋಡುವಂತಿಲ್ಲ. ಕೊಟ್ಟವರಿಗೆ ಏನೂ ವಾಪಸ್ ಬರದಿದ್ದರೆ ಆರು ತಿಂಗಳಲ್ಲಿ ಕೊಡುವುದನ್ನೂ ನಿಲ್ಲಿಸುತ್ತಾರೆ.

ಗೇರುಸೊಪ್ಪೆ_ಗೇಟು

ಕೊನೆಯ ವಾಕ್ಯಕ್ಕೆ ಸೋತೆ. ನಮೂನೆ ಒಂದು, ಪ್ರತಿ ಹಲವು ಎಂಬಲ್ಲಿಗೆ ಬರುತ್ತೇನೆ. ಆದರೆ ನಮೂನೆಯನ್ನು ಒಪ್ಪದೆ ಹೋದರೆ ಆಗುವುದು 1991ರ ಕಥೆ. ಕೊಲ್ಲಿ ಯುದ್ಧದಲ್ಲಿ ಅಮೆರಿಕದ ವಾಯುಪಡೆ ದಿನಾ ತಯಾರಿಸುತ್ತಿದ್ದ ನೂರಾರು ಪುಟದ ಹಾರಾಟದ ಆದೇಶ ವಿಮಾನವಾಹಕ ನೌಕೆಗಳ ವ್ಯವಸ್ಥೆಗೆ ಹೋಗುತ್ತಲೇ ಇರಲಿಲ್ಲ. ಪ್ರತಿಯನ್ನು ವಿಮಾನದಲ್ಲಿ ಹಡಗಿಗೆ ಒಯ್ದು ಕೊಡುತ್ತಿದ್ದರು. ಯುದ್ಧ ಗೆದ್ದ ಸೇನೆ ಅದು!

ಕೂರ್ಮಗಡ

2003ರ ಮಾರ್ಚ್ 23ರದನ್ನೂ ಸೇರಿಸಿ. ಇರಾಕ್ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ಬ್ರಿಟನ್ನಿನ ಟೊರ್ನಾಡೊ ವಿಮಾನವನ್ನು ಹೊಡೆದು ಇಬ್ಬರು ಸತ್ತರು. ವಿಮಾನದ 'ನಮ್ಮವ' ಎಂಬ ಗುರುತಿನ ಸಂಕೇತ ಕೆಲಸ ಮಾಡಿರಲಿಲ್ಲ, ಕ್ಷಿಪಣಿ ತುಕಡಿಗೆ ಅದರ ಪೂರ್ತಿ ಸಂಪರ್ಕ ಸಾಧನ ಇನ್ನೂ ಬಂದು ತಲುಪಿರಲಿಲ್ಲ. ಒಂದು ಕೊರತೆಯನ್ನು ಇನ್ನೊಂದು ದಾರಿ ಮುಚ್ಚಬೇಕಿತ್ತು, ಆ ದಾರಿಯೂ ಇರಲಿಲ್ಲ.

ಬೈತಖೋಲ್_ಬಾವುಟ

ಕಾಲೇಜಿನ ಪ್ರಾಜೆಕ್ಟಿಗೆ ಇದರಲ್ಲಿ ಏನು ಮಾಡಬಹುದು ಅಂತ ಇಬ್ಬರು ಮೆಸೇಜಿನಲ್ಲಿ ಕೇಳಿದ್ದಾರೆ. ನಿಜವಾದ ಸಿಗ್ನಲ್ ಹಿಡಿಯುವುದೆಲ್ಲ ಬೇಡ, ಪರವಾನಗಿಯ ರಗಳೆ.

ಶಿರಸಿ_ಪ್ಯಾಕೆಟ್

ಎಲ್ಲ ಕೃತಕ ಡೇಟಾದಲ್ಲೇ ಆಗುತ್ತದೆ. 300 ಬೋಟುಗಳ ಚಲನೆ ಬರೆಯುವ ಸಣ್ಣ ಪ್ರೋಗ್ರಾಂ, ಅದರಲ್ಲಿ ಕಾಲು ಭಾಗ ಸುತ್ತು ಹಾಕುವ ಪರ್ಸೀನ್. ಅದೇ ಚಲನೆಯಿಂದ ಮೂರು ಹರಿವು: 3 ಸೆಕೆಂಡಿನ ರೇಡಾರ್ (1 ಡಿಗ್ರಿ ಕೋನದೋಷ ಬೇಕೆಂದೇ ಹಾಕಿ), 30 ಸೆಕೆಂಡಿನ ಎಐಎಸ್ (ಹತ್ತಕ್ಕೊಂದು ಆಫ್, ಎರಡು ಬೋಟಿಗೆ ಒಂದೇ ಸಂಖ್ಯೆ), 30 ನಿಮಿಷದ ಉಪಗ್ರಹ. ಮೂರು ವರ್ಚುವಲ್ ಯಂತ್ರ, ನಡುವೆ ಕೆಟ್ಟ ಲಿಂಕನ್ನು ಅನುಕರಿಸುವ ಲಿನಕ್ಸಿನ ನೆಟ್‌ಎಮ್ ಇಟ್ಟು ಒಂದೊಂದು ದಿಕ್ಕಿಗೆ 300 ಮಿಲಿಸೆಕೆಂಡ್ ವಿಳಂಬ, ನೂರಕ್ಕೆ ಎರಡು ನಷ್ಟ, ವೇಗ 64 ಕಿಲೋಬಿಟ್. 40 ನಿಮಿಷ ಕಡಿದು ಮತ್ತೆ ಕೊಡಿ. ಅಳೆಯಬೇಕಾದದ್ದು ಎರಡೇ: ಪರದೆ ಮೇಲಿನ ಟ್ರ್ಯಾಕು 300ಕ್ಕಿಂತ ಎಷ್ಟು ಜಾಸ್ತಿ, ಮತ್ತು ಪ್ರತಿ ಚುಕ್ಕಿ ಎಷ್ಟು ಸೆಕೆಂಡ್ ಹಳೆಯದು.

ಅಲೆಯಳತೆ

ಸಂದೇಶದಲ್ಲಿ ಇವು ಇರಲಿ: ಮೂಲದ ಗುರುತು, ಮೂಲ ಸಂದೇಶ ಸಂಖ್ಯೆ, *ನೋಡಿದ* ಸಮಯ ಮತ್ತು *ತಲುಪಿದ* ಸಮಯ ಬೇರೆ ಬೇರೆ, ಸ್ಥಾನದ ಜೊತೆ ಅದರ ದೋಷ ಮೀಟರಿನಲ್ಲಿ, ಗುರುತಿನ ಜೊತೆ ಅದರ ಭರವಸೆ, ದರ್ಜೆ, ಅವಧಿ ಮುಗಿಯುವ ಹೊತ್ತು. ದೋಷದ ಕಾಲಂ ಖಾಲಿ ಬಿಟ್ಟರೆ ಸಂದೇಶವನ್ನೇ ತಿರಸ್ಕರಿಸಿ, ಇಲ್ಲವಾದರೆ ಎಲ್ಲರೂ ಸೊನ್ನೆ ತುಂಬುತ್ತಾರೆ. ಸೊನ್ನೆಯನ್ನೂ ತಿರಸ್ಕರಿಸಿ.

ಪರದೆಯಲ್ಲಿ ಆ ಮೂಲದ ಮೂರು ವರದಿ ತಪ್ಪಿದ ಕೂಡಲೇ ಚುಕ್ಕಿ ಮಸುಕಾಗಲಿ. ಎಐಎಸ್ ಆದರೆ 90 ಸೆಕೆಂಡಿಗೆ, ಉಪಗ್ರಹ ಆದರೆ ಒಂದೂವರೆ ಗಂಟೆಗೆ. ಎಲ್ಲದಕ್ಕೂ ಒಂದೇ ಮಿತಿ ಇಟ್ಟರೆ ಒಂದೋ ಪರದೆ ತುಂಬ ದೆವ್ವಗಳು, ಇಲ್ಲವೋ ಉಪಗ್ರಹದ ಬೋಟುಗಳು ಕಾಣುವುದೇ ಇಲ್ಲ.

ಹೊನ್ನಾವರದ_ಹುಟ್ಟು

ಬಲೆಯ ತೇಲು ಮರೆಯಬೇಡಿ. ಒಂದು ನಾಲ್ವತ್ತು ಹಾಕಿ. ಪ್ರವಾಹದ ಜೊತೆ 1 ನಾಟಿಗಿಂತ ಕಡಿಮೆ ತೇಲುತ್ತಿರಲಿ, ಆಮೇಲೆ ಬೋಟು ಬಂದು ಎತ್ತಿಕೊಂಡಾಗ ಎಲ್ಲವೂ ಒಟ್ಟಿಗೆ 8 ನಾಟಿನಲ್ಲಿ ಬಂದರಿನ ಕಡೆ ಓಡಲಿ. ನಿಮ್ಮ ಸೂತ್ರ ಆಗ ಏನು ಮಾಡುತ್ತದೆ ನೋಡಿ.

ಅಲೆಯಳತೆ

ಡೆಕ್ ಮೇಲೆ ಎತ್ತಿಟ್ಟರೆ ಬ್ಯಾಟರಿ ಉಳಿಸಲು ಆಫ್ ಮಾಡುವುದಿಲ್ಲವೇ?

ಹೊನ್ನಾವರದ_ಹುಟ್ಟು

ಕೆಲವರು ಮಾಡ್ತಾರೆ. ಕೆಲವಕ್ಕೆ ನೀರು ತಾಗಿದರೆ ತನ್ನಷ್ಟಕ್ಕೇ ಆನ್ ಆಗುವ ಸ್ವಿಚ್, ಒದ್ದೆ ಬಲೆ ಮೇಲೆ ಬಿದ್ದುಕೊಂಡಿದ್ದರೆ ಆರುವುದೇ ಇಲ್ಲ. ಅರ್ಧ ಆನ್, ಅರ್ಧ ಆಫ್ ಇಡಿ.